ಒತ್ತೆಗೆ ಕನ್ನಡದಲ್ಲೂ ಪದವಿದೆ

ಕಳೆದ ತಿಂಗಳು ಮಣಲಿಯಿಂದ ಮಗಳನ್ನು ಕರೆದುಕೊಂಡು ಸೇಂಟ್ ಜಾರ್ಜ್ ಕೋಟೆಯ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿ ಥಾಮಸ್ ಬ್ಯಾಂಕ್ಸ್ ಕೆತ್ತಿದ ಕಾರ್ನ್‌ವಾಲಿಸನ ಆಳೆತ್ತರ ಮೀರಿದ ಪ್ರತಿಮೆಯಿದೆ. ನಾನು ತಲೆಯೆತ್ತಿ ಅವನನ್ನು ನೋಡುತ್ತಿದ್ದರೆ, ಮಗಳ ಕಣ್ಣಿಗೆ ಬಿದ್ದದ್ದು ಪೀಠದ ಮೇಲಿನ ಉಬ್ಬುಚಿತ್ರ. ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಇಂಗ್ಲಿಷರಿಗೆ ಒಪ್ಪಿಸುವ ದೃಶ್ಯ ಅದು. ‘ಅಪ್ಪಾ, ಈ ಹುಡುಗರನ್ನ ಯಾಕೆ ಕೊಟ್ಟುಬಿಟ್ರು?’ ಎಂದಳು.

ಉತ್ತರ ಹುಡುಕುತ್ತ ಗಿರೀಶ ಕಾರ್ನಾಡರ ‘ಟಿಪ್ಪುವಿನ ಕನಸುಗಳು’ ನಾಟಕವನ್ನು ಮತ್ತೆ ತೆಗೆದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ. ಅದು ತೀರುವವರೆಗೆ ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಇಬ್ಬರೂ ಒತ್ತೆಯಾಳುಗಳು. ಒಬ್ಬನಿಗೆ 10ರ ಆಸುಪಾಸು, ಇನ್ನೊಬ್ಬನಿಗೆ 8. ಅವರನ್ನು ಇಟ್ಟದ್ದು ಇದೇ ಮದರಾಸಿನಲ್ಲಿ. ವಾಪಸ್ ಕಳಿಸಿದ್ದು 1794ರಲ್ಲಿ.

ನಾಟಕದಲ್ಲಿ ಟಿಪ್ಪುವಿನ ದೊಡ್ಡ ಭಯ ಮಕ್ಕಳ ಪ್ರಾಣದ್ದಲ್ಲ, ಅವರು ಇಂಗ್ಲಿಷ್ ಕಲಿಯುವುದರದ್ದು. ಮಕ್ಕಳನ್ನು ಒತ್ತೆಯೆಂದು ಯೋಚಿಸುವುದು ಸಾಧ್ಯವಾಗುವುದೇ ಆ ಭಾಷೆಯಲ್ಲಿ ಎಂಬರ್ಥದ ಮಾತು ಅವನದು. ರಂಗದ ಮೇಲೆ ಇದು ಮೈ ಜುಮ್ಮೆನಿಸುತ್ತದೆ. ಹಗಲೆಲ್ಲ ಇಂಗ್ಲಿಷಿನಲ್ಲೇ ದುಡಿಯುವ ನಮ್ಮಂಥವರಿಗಂತೂ ನೇರ ಎದೆಗೇ ನಾಟುತ್ತದೆ. ಆದರೆ ಈ ಸಲ ಓದುವಾಗ ಅನುಮಾನ ಬಂತು.

‘ಒತ್ತೆ’ ಅಪ್ಪಟ ಕನ್ನಡ ಪದ. ಒಡವೆ ಒತ್ತೆಯಿಡುತ್ತೇವೆ, ಮನುಷ್ಯರನ್ನೂ ಇಟ್ಟಿದ್ದೇವೆ. ದೂರದ ಹುಲ್ಲುಗಾವಲಿನಲ್ಲೂ ಇದೇ ಕಥೆ. 1731ರಲ್ಲಿ ರಷ್ಯದ ಸಾಮ್ರಾಜ್ಞಿಗೆ ನಿಷ್ಠೆಯ ಪ್ರಮಾಣ ಮಾಡಿದ ಕಜಖರ ಅಬುಲ್‌ಖೈರ್ ಖಾನನೂ ಮಗನನ್ನು ಒತ್ತೆಯಾಗಿ ಕೊಡಬೇಕಾಯಿತು. ಅಂಥವರನ್ನು ರಷ್ಯನ್ನರು ‘ಅಮಾನತ್’ ಎನ್ನುತ್ತಿದ್ದರು. ನಮ್ಮ ಕಚೇರಿಗಳ ‘ಅಮಾನತು’ ಕೂಡ ಅದೇ ಅರಬ್ಬಿ ಮೂಲದ್ದು. ಇನ್ನು ಟಿಪ್ಪುವೇ 1784ರಲ್ಲಿ ಕೆನರಾದ ಕ್ರೈಸ್ತ ಕುಟುಂಬಗಳನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದ. ಅವರಲ್ಲೂ ಮಕ್ಕಳಿದ್ದರು. ಕೊಡಗಿನವರಿಗೂ ಇಂಥ ನೆನಪುಗಳಿವೆ. ನಾಟಕ ಟಿಪ್ಪುವಿನ ಮಕ್ಕಳಿಗೆ ಕೊಟ್ಟ ಜಾಗವನ್ನು ಆ ಮಕ್ಕಳಿಗೆ ಕೊಡುವುದಿಲ್ಲ.

ಇದು ಬಿಬಿಸಿ ರೇಡಿಯೊಗಾಗಿ, ಸ್ವಾತಂತ್ರ್ಯದ ಐವತ್ತನೇ ವರ್ಷದ ನೆನಪಿಗೆಂದು ಮೊದಲು ಇಂಗ್ಲಿಷಿನಲ್ಲಿ ಬರೆದ ನಾಟಕ. ಇಂಗ್ಲಿಷ್ ಕೇಳುಗರ ಎದುರು ಆ ಮಾತು ಆರೋಪ. ಕನ್ನಡದಲ್ಲಿ ಅದನ್ನೇ ಕೇಳುವಾಗ ನಮಗೆ ಸಮಾಧಾನವಾಗಿಬಿಡುತ್ತದೆ. ತಪ್ಪೆಲ್ಲ ಬೇರೆಯವರ ಭಾಷೆಯದು ಎಂದು. ಅಲ್ಲೇ ತೊಂದರೆ.

ಹಾಗೆಂದು ನಾಟಕ ಸೋಲುವುದಿಲ್ಲ. ಟಿಪ್ಪು ಬರೆದಿಟ್ಟ ಕನಸುಗಳ ಪುಸ್ತಕವನ್ನು ಕಾರ್ನಾಡರು ಜಾಣತನದಿಂದ ಬಳಸಿದ್ದಾರೆ. ಯುದ್ಧ ಸೋತವನು ಸಾಲ ಬೇಗ ತೀರಿಸಿ ಮಕ್ಕಳನ್ನು ಬಿಡಿಸಿಕೊಳ್ಳಲು ಒದ್ದಾಡುವುದಿದೆಯಲ್ಲ, ಭಾಷೆಯ ಮಾತಿಗಿಂತ ಅದು ಹೆಚ್ಚು ನಿಜ. ಅಲ್ಲಿ ಟಿಪ್ಪು ಹುಲಿಯಲ್ಲ, ಗಡುವಿಗೆ ಹೆದರಿದ ಅಪ್ಪ.

ಚೆನ್ನೈಯಲ್ಲಿರುವವರು ಕೋಟೆಗೆ ಹೋದರೆ ಆ ಪೀಠದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮಗಳಿಗೆ ಆ ಇಬ್ಬರ ಕಥೆ ಹೇಳಿದೆ. ಕೆನರಾದ ಮಕ್ಕಳ ಕಥೆಯನ್ನೂ ಹೇಳಿದೆ. ‘ಅವರನ್ನ ಯಾಕೆ ಕಲ್ಲಲ್ಲಿ ಕೆತ್ತಿಲ್ಲ?’ ಎಂದು ಕೇಳಿದಳು.