ಕಟ್ಟಡದ ಶಿಲ್ಪ ಮತ್ತು ಛಾಯಾಚಿತ್ರದ ಸಾಕ್ಷ್ಯ

1925ರ ಪ್ಯಾರಿಸ್ ಪ್ರದರ್ಶನದಿಂದ ಹೆಸರು ಪಡೆದ ‘ಆರ್ಟ್ ಡೆಕೊ’ ಶೈಲಿ 1930ರ ದಶಕದಲ್ಲಿ ಮುಂಬಯಿಯಲ್ಲಿ ಬೇರೂರಿತು. ಈ ಶೈಲಿಯ ಕಟ್ಟಡಗಳ ಶಿಲ್ಪಗಳನ್ನು ಸೆರೆಹಿಡಿದ ಛಾಯಾಚಿತ್ರಗಳು ಇಂದು ಹೇರಳವಾಗಿವೆ. ಅವುಗಳ ಚೆಲುವಿನ ಬಗೆಗೆ ಸಂದೇಹವಿಲ್ಲ; ಸಾಕ್ಷ್ಯವಾಗಿ ಅವುಗಳ ಬೆಲೆಯೆಷ್ಟು ಎಂಬುದೇ ಇಲ್ಲಿ ವಿಚಾರಿಸಬೇಕಾದ ಸಂಗತಿ.

ಕೋಟೆ ಪ್ರದೇಶದ ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಟ್ಟಡವನ್ನು (1936) ಗಮನಿಸೋಣ. ಇದರ ವಾಸ್ತುವಿನ್ಯಾಸ ಮಾಸ್ಟರ್, ಸಾಠೆ ಮತ್ತು ಭೂತಾ ಸಂಸ್ಥೆಯದು, ಶಿಲ್ಪಿ ಎನ್. ಜಿ. ಪಾನ್ಸರೆ. ಇಲ್ಲಿಯ ದುಡಿಯುವ ಜನರ ಆಕೃತಿಗಳು ಬೀದಿಯಲ್ಲಿ ನಡೆಯುವವನು ತಲೆಯೆತ್ತಿ ನೋಡಲೆಂದು ರಚಿತವಾದವು. ಅವುಗಳ ನಿಲುವು ಗೋಡೆಯ ಊರ್ಧ್ವರೇಖೆಗಳೊಡನೆ ಒಂದಾಗಿದೆ. ದೂರದ ಮಸೂರದಿಂದ ಮುಖವನ್ನಷ್ಟೇ ಕತ್ತರಿಸಿ ತೆಗೆದ ಚಿತ್ರದಲ್ಲಿ ಈ ಸಂಬಂಧ ಅಳಿದುಹೋಗುತ್ತದೆ. ಬೇಲೂರಿನ ಮದನಿಕೆಯನ್ನು ಲೋವೆಯಿಂದ ಬೇರ್ಪಡಿಸಿ ತೋರಿಸಿದರೆ ಅವಳು ಓರೆಯಾಗಿ ಏಕೆ ನಿಂತಿರುವಳೆಂಬುದು ತಿಳಿಯದಷ್ಟೆ. ಇದೂ ಅಂತಹುದೇ ಲೋಪ.

ದಾದರಿನಲ್ಲಿ ಈ ಲೋಪ ಹೆಚ್ಚು ಅಪಾಯಕರ. 1896ರ ಪ್ಲೇಗಿನ ತರುವಾಯ 1898ರಲ್ಲಿ ಸ್ಥಾಪಿತವಾದ ಮುಂಬಯಿಯ ನಗರ ಸುಧಾರಣಾ ಟ್ರಸ್ಟು ದಾದರ್-ಮಾಟುಂಗಾ ಬಡಾವಣೆಯನ್ನು ಯೋಜಿಸಿತು. ಹಿಂದೂ ಕಾಲನಿಯಲ್ಲೂ ಶಿವಾಜಿ ಪಾರ್ಕಿನ ಸುತ್ತಲೂ 1930-40ರ ದಶಕಗಳಲ್ಲಿ ಈ ಶೈಲಿಯ ಮನೆಗಳು ಎದ್ದವು. ಇಲ್ಲಿ ಭವ್ಯ ಪ್ರತಿಮೆಗಳನ್ನು ಅರಸಬೇಕಾಗಿಲ್ಲ. ಬಾಲ್ಕನಿಯ ಬಾಗಿದ ಅಂಚು, ಗಾರೆಯಲ್ಲಿ ಮೂಡಿಸಿದ ಉಬ್ಬುಗೆಲಸ, ಕಬ್ಬಿಣದ ಜಾಲರಿಯ ಸೂರ್ಯಕಿರಣ, ಗೋಡೆಯ ಮೇಲಿನ ಕಟ್ಟಡದ ಹೆಸರು, ಇವೇ ಇಲ್ಲಿಯ ಶಿಲ್ಪ. 2018ರಲ್ಲಿ ಯುನೆಸ್ಕೊ ವಿಶ್ವಪರಂಪರೆಯೆಂದು ಮನ್ನಿಸಿದ ವಲಯ ದಕ್ಷಿಣ ಮುಂಬಯಿಯದು. ದಾದರ್ ಅದರ ಹೊರಗುಳಿದಿದೆ. ಮರುನಿರ್ಮಾಣಕ್ಕಾಗಿ ಕೆಡವಿದ ಮನೆಯ ಗಾರೆಶಿಲ್ಪವನ್ನು ಯಾವ ವಸ್ತುಸಂಗ್ರಹಾಲಯಕ್ಕೂ ಸಾಗಿಸುವಂತಿಲ್ಲ. ಛಾಯಾಚಿತ್ರವೇ ಅದರ ಕಡೆಯ ಕುರುಹು.

ಕನ್ನಡಿಗರಿಗೆ ಈ ವಿಷಯದಲ್ಲಿ ಒಂದು ಒಳ್ಳೆಯ ಮೇಲ್ಪಂಕ್ತಿಯಿದೆ. ಬಿ. ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳು ಶಾಸನದ ಪಾಠವನ್ನಷ್ಟೇ ಕೊಟ್ಟು ಸುಮ್ಮನಾಗಲಿಲ್ಲ. ಕಲ್ಲು ಯಾವ ಊರಿನಲ್ಲಿ, ಯಾವ ಗುಡಿಯ ಬಳಿ ಇದೆಯೆಂಬುದನ್ನೂ ದಾಖಲಿಸಿದುವು. ಆದುದರಿಂದಲೇ ಸ್ಥಾನ ತಪ್ಪಿದ ಕಲ್ಲಿನ ಮೂಲವನ್ನು ಇಂದಿಗೂ ಅರಸಬಹುದು.

ಅದೇ ಶಿಸ್ತು ಇಲ್ಲಿಯೂ ಬೇಕು. ಎದುರು ಬೀದಿಯಿಂದ ಇಡೀ ಕಟ್ಟಡದ ಒಂದು ಚಿತ್ರ. ಉಬ್ಬುಗೆಲಸವಿರುವ ಅಂತಸ್ತಿನದು ಇನ್ನೊಂದು. ಉಬ್ಬುತಗ್ಗುಗಳು ಸ್ಪಷ್ಟವಾಗುವ ಓರೆಬಿಸಿಲಿನಲ್ಲಿ ಆ ಶಿಲ್ಪದ್ದೇ ಮತ್ತೊಂದು. ಜೊತೆಗೆ ಬೀದಿ, ಕಟ್ಟಡದ ಹೆಸರು, ಮುಖ ಮಾಡಿರುವ ದಿಕ್ಕು, ಚಿತ್ರ ತೆಗೆದ ದಿನಾಂಕ. ತಂತಿಗಳೂ ಮರಗಳೂ ಅಡ್ಡಬಂದರೆ ಬರಲಿ. ಅವೂ ಆ ಬೀದಿಯ ಸತ್ಯವೇ. ಇಷ್ಟನ್ನು ಒಳಗೊಳ್ಳದ ಚಿತ್ರ ಎಷ್ಟೇ ಮನೋಹರವಾಗಿದ್ದರೂ, ಮನೆ ಅಳಿದ ಮೇಲೆ ಅದು ಯಾವ ಮನೆಯದೆಂದು ಹೇಳಲು ಸಾಧ್ಯವಾಗದು.