ದಿವಾನಖಾನೆಯ ಪಿಯಾನೋ: ಎರಡು ಇಂಗ್ಲಿಷ್ ಕಾದಂಬರಿಗಳಲ್ಲಿ ವಾದ್ಯ ಮತ್ತು ಪ್ರತಿಷ್ಠೆ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಯನ್ನು ಕುರಿತ ಚರ್ಚೆಯಲ್ಲಿ ಪಿಯಾನೋ ಎದುರಾದೊಡನೆ ಅದನ್ನು ಮಧ್ಯಮವರ್ಗದ ಪ್ರತಿಷ್ಠೆಯ ಸಂಕೇತವೆಂದು ಗುರುತಿಸಿ ಮುಂದೆ ಸಾಗುವುದು ವಾಡಿಕೆ. ಈ ಮಾತು ಸುಳ್ಳಲ್ಲ, ಆದರೆ ಸಾಲದು. ವಾದ್ಯ ಯಾರ ಮನೆಯಲ್ಲಿದೆ, ಅದನ್ನು ನುಡಿಸಬಲ್ಲವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳದಿದ್ದರೆ ಜೇನ್ ಆಸ್ಟಿನ್ ಮತ್ತು ಥ್ಯಾಕರೆ ಇಬ್ಬರನ್ನೂ ನಾವು ಅರ್ಧ ಮಾತ್ರ ಓದಿದಂತಾಗುತ್ತದೆ.

1760ರ ದಶಕದಲ್ಲಿ ಲಂಡನ್ನಿನಲ್ಲಿ ನೆಲೆಸಿದ ಜರ್ಮನ್ ಕುಶಲಿ ಜುಂಪೆ ತಯಾರಿಸತೊಡಗಿದ 'ಸ್ಕ್ವೇರ್ ಪಿಯಾನೋ' ಹೆಸರಿಗೆ ಚೌಕವಾದರೂ ಆಕಾರದಲ್ಲಿ ಆಯತ. ಮುಚ್ಚಳ ಹಾಕಿದರೆ ಅದೊಂದು ಅಂದವಾದ ಮೇಜು. ಮುಂದೆ ಇಂತಹ ಅನೇಕ ವಾದ್ಯಗಳ ತಂತಿ, ಕೀಲಿಮಣೆಗಳನ್ನು ಕಿತ್ತು ಬರೆಯುವ ಮೇಜುಗಳನ್ನಾಗಿ ಮಾಡಿದ್ದುಂಟು. ಪೀಠೋಪಕರಣವಾಗುವ ಗುಣ ಅದರ ಹುಟ್ಟಿನಲ್ಲಿಯೇ ಇತ್ತು.

1815ರ ಕೊನೆಯಲ್ಲಿ ಪ್ರಕಟವಾದ 'ಎಮ್ಮಾ' ಕಾದಂಬರಿಯ ಕೋಲ್ ದಂಪತಿಗಳು ವ್ಯಾಪಾರದಿಂದ ಮೇಲೆ ಬಂದವರು. ಅವರ ದಿವಾನಖಾನೆಗೆ ಹೊಸ ಗ್ರ್ಯಾಂಡ್ ಪಿಯಾನೋ ಬಂದಿದೆ. ತನಗೆ ಒಂದು ಸ್ವರದಿಂದ ಇನ್ನೊಂದು ಸ್ವರದ ವ್ಯತ್ಯಾಸವೂ ತಿಳಿಯದೆಂದು ಶ್ರೀಮತಿ ಕೋಲ್ ತಾನೇ ಒಪ್ಪಿಕೊಳ್ಳುತ್ತಾಳೆ. ಸಂಗೀತದಲ್ಲಿ ನಿಪುಣೆಯಾದ ಜೇನ್ ಫೇರ್‌ಫ್ಯಾಕ್ಸ್‌ಳ ಬಳಿ ಒಂದು ಹಳೆಯ ಸ್ಪಿನೆಟ್ ಕೂಡ ಇರಲಿಲ್ಲವೆಂದು ಸಂಕೋಚಪಡುತ್ತಾಳೆ. ಆಸ್ಟಿನ್ ಇಲ್ಲಿ ನಗುವುದು ನಿಜ, ಆದರೆ ಆ ನಗೆ ಕ್ರೂರವಲ್ಲ. ವಾದ್ಯದ ಒಡೆತನವೂ ವಿದ್ಯೆಯೂ ಒಂದೇ ಕಡೆ ಇಲ್ಲವೆಂಬ ಅರಿವು ಕೊಂಡವಳಿಗೇ ಇದೆ. ಹೆಣ್ಣು ನೋಡಲು ಬಂದವರೆದುರು ಹಾರ್ಮೋನಿಯಂ ತಂದಿರಿಸುತ್ತಿದ್ದ ಪದ್ಧತಿಯನ್ನು ಬಲ್ಲ ನಮ್ಮ ಓದುಗರಿಗೆ ಈ ಲೋಕ ತೀರ ಅಪರಿಚಿತವೂ ಅಲ್ಲ.

ಜೇನ್‌ಳಿಗೆ, ಕಳುಹಿಸಿದವರ ಹೆಸರಿಲ್ಲದೆ, ಬ್ರಾಡ್‌ವುಡ್ ಸಂಸ್ಥೆಯ ಸ್ಕ್ವೇರ್ ಪಿಯಾನೋ ಬರುತ್ತದೆ. ಹೈಬರಿ ಊರಿಗೆ ಊರೇ ಕೊಟ್ಟವರಾರೆಂದು ಊಹಿಸುವುದರಲ್ಲಿ ಮುಳುಗುತ್ತದೆ. ಜೇನ್‌ಳಿಗಾದರೋ ಸಂಗೀತ ಅಲಂಕಾರವಲ್ಲ. ಮನೆಪಾಠದ ಉಪಾಧ್ಯಾಯಿನಿಯಾಗಿ ಬದುಕಬೇಕಾದವಳಿಗೆ ಅದು ನಾಳಿನ ಅನ್ನ. ಕೆಲಸಕ್ಕೆ ಹೊರಡಬೇಕಾಗಿ ಬಂದಾಗ ಅವಳು ಪಿಯಾನೋವನ್ನೇ ಉದ್ದೇಶಿಸಿ, ಇನ್ನು ಇಲ್ಲಿ ನಿನಗೇನೂ ಕೆಲಸವಿಲ್ಲ ಎಂಬರ್ಥದ ಮಾತನಾಡುತ್ತಾಳೆ. ನುಡಿಸುವವಳು ಹೋದರೆ ಉಳಿಯುವುದು ಜಾಗ ಹಿಡಿಯುವ ಸಾಮಾನು ಮಾತ್ರ. ಪ್ರತಿಷ್ಠೆಯ ಸೂತ್ರ ಕೋಲ್ ದಂಪತಿಗಳನ್ನು ವಿವರಿಸೀತು; ಜೇನ್‌ಳನ್ನು ವಿವರಿಸಲಾರದು.

ಥ್ಯಾಕರೆಯ 'ವ್ಯಾನಿಟಿ ಫೇರ್' (1847-48) ಇನ್ನೂ ಕಹಿಯಾದುದು. ದಿವಾಳಿಯಾದ ಸೆಡ್ಲೆಯ ಮನೆಯ ಸಾಮಾನು ಹರಾಜಾಗುವಾಗ ಮಗಳು ಅಮೀಲಿಯಾಳ ಪುಟ್ಟ ಪಿಯಾನೋವನ್ನು ಡಾಬಿನ್ 25 ಗಿನಿಗಳಿಗೆ ಕೊಂಡು ಅವಳಿಗೇ ತಲುಪಿಸುತ್ತಾನೆ. ಅದು ಜಾರ್ಜನ ಕಾಣಿಕೆಯೆಂದು ಅವಳು ನಂಬಿ ವರ್ಷಾನುಗಟ್ಟಲೆ ಕಾಪಾಡುತ್ತಾಳೆ. ಮುಪ್ಪಾದ ವಾದ್ಯಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ನಾದವೂ ಕುಗ್ಗಿದೆ. ಇಲ್ಲಿ ಪ್ರತಿಷ್ಠೆಯ ಮಾತೇ ಇಲ್ಲ. ಆದರೂ ಅವಳ ಪ್ರೀತಿ ಪಿಯಾನೋವನ್ನು ಕಾಣುವುದು ಕೋಲ್‌ರ ಶ್ರೀಮಂತಿಕೆ ಕಂಡಂತೆಯೇ, ಬೇರೊಂದರ ಗುರುತಾಗಿ. ಕೊಟ್ಟವನು ಡಾಬಿನ್ ಎಂದು ಅವಳಿಗೇ ಹೊಳೆದ ಮೇಲೆ, ತಂದೆ ನುಡಿಸೆಂದು ಕೇಳಿದಾಗ ಅಮೀಲಿಯಾ ಕೊಡುವ ಕಾರಣ ತಲೆನೋವು, ಮತ್ತು ಪಿಯಾನೋ ತೀರ ಅಪಶ್ರುತಿಯಲ್ಲಿದೆ ಎಂಬುದು. ಅದರ ಶ್ರುತಿ ಕೆಟ್ಟು ಎಷ್ಟೋ ಕಾಲವಾಗಿತ್ತು.