ಕರೆಯೋಲೆಯ ಹೆಸರು ಎಲ್ಲಿ ಕಳೆಯಿತು?

ಪೈಥಾನ್‌ನಲ್ಲಿ ಇಮೇಲ್‌ಗೆ ಕಡತ ಲಗತ್ತಿಸುವುದು ಹೇಗೆಂದು ಹುಡುಕುವವರ ಕೈಗೆ ಬಹುಮಟ್ಟಿಗೆ ಒಂದೇ ಸಿದ್ಧ ಕೋಡ್ ಸಿಗುತ್ತದೆ. ಮೈಮ್‌ಮಲ್ಟಿಪಾರ್ಟ್ ಎಂಬ ಹೊದಿಕೆ ಮಾಡು, ಒಳಗೊಂದು ಮೈಮ್‌ಟೆಕ್ಸ್ಟ್ ಇಡು, ಮೈಮ್‌ಬೇಸ್ ಒಂದಕ್ಕೆ ಕಡತದ ಬೈಟುಗಳನ್ನು ತುಂಬು, ಅದನ್ನು ಬೇಸ್64ಕ್ಕೆ ತಿರುಗಿಸು, ಕೊನೆಗೆ ‘ಅಟ್ಯಾಚ್‌ಮೆಂಟ್; ಫೈಲ್‌ನೇಮ್=’ ಎಂಬ ಸ್ಟ್ರಿಂಗ್‌ನ ಬಾಲಕ್ಕೆ ಕಡತದ ಹೆಸರು ಅಂಟಿಸಿ ಹೆಡರ್ ಸೇರಿಸು. ‘ರಿಪೋರ್ಟ್.ಪಿಡಿಎಫ್’ ಎಂಬ ಕಡತವಾದರೆ ಸಲೀಸಾಗಿ ತಲುಪುತ್ತದೆ, ಹಾಗಾಗಿ ಈ ಕೋಡನ್ನು ಯಾರೂ ಮರಳಿ ನೋಡುವುದಿಲ್ಲ. ನೋಡಬೇಕು, ನೋಡಿ ಬಿಡಬೇಕು ಎಂಬುದು ಈ ವಾರದ ವಾದ. ಅದು ಹಳೆಯದಾಯಿತೆಂದಲ್ಲ. ನಿಮಗೇನು ಬೇಕು ಎಂದು ಕೇಳದೆ ಹೇಗೆ ಮಾಡಬೇಕೆಂಬ ಗುಮಾಸ್ತಿಕೆಯನ್ನೆಲ್ಲ ಅದು ನಿಮ್ಮ ತಲೆಗೆ ಕಟ್ಟುತ್ತದೆ. ಆ ಗುಮಾಸ್ತಿಕೆಯಲ್ಲಿ ನಡೆದ ತಪ್ಪು ಇಂಗ್ಲಿಷ್ ಹೆಸರಿನ ಕಡತದಲ್ಲಿ ಅಡಗಿ ಕೂತಿರುತ್ತದೆ, ಕನ್ನಡದ ಹೆಸರು ಬಂದೊಡನೆ ಹೊರಬೀಳುತ್ತದೆ.

ಇಮೇಲ್‌ನಲ್ಲಿ ಲಗತ್ತು ಎಂಬ ಪ್ರತ್ಯೇಕ ವಸ್ತುವೇ ಇಲ್ಲ, ಎಲ್ಲ ಗೊಂದಲದ ಮೂಲವೂ ಅದೇ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮ, ಅಂದರೆ ಆರ್‌ಎಫ್‌ಸಿ 821, ಮತ್ತು ಅದರ ಜೋಡಿ ಆರ್‌ಎಫ್‌ಸಿ 822 ಕಲ್ಪಿಸಿಕೊಂಡದ್ದು ಏಳು ಬಿಟ್ಟಿನ ಆಸ್ಕಿ ಅಕ್ಷರಗಳ ಸಾಲುಗಳನ್ನು ಮಾತ್ರ. ಚಿತ್ರ, ಧ್ವನಿ, ಕನ್ನಡ ಯಾವುದಕ್ಕೂ ಅಲ್ಲಿ ಜಾಗವಿರಲಿಲ್ಲ. ಹತ್ತು ವರ್ಷದ ನಂತರ ಬೆಲ್‌ಕೋರ್‌ನ ನಥಾನಿಯೆಲ್ ಬೋರೆನ್‌ಸ್ಟೈನ್ ಮತ್ತು ಇನ್ನೋಸಾಫ್ಟ್‌ನ ನೆಡ್ ಫ್ರೀಡ್ ಸೇರಿ ಮೈಮ್ ಎಂಬ ವ್ಯವಸ್ಥೆ ರೂಪಿಸಿದರು. 1992ರ ಮಾರ್ಚ್ 11ರಂದು ಬೋರೆನ್‌ಸ್ಟೈನ್ ತಾವು ಹಾಡುತ್ತಿದ್ದ ಟೆಲಿಫೋನ್ ಕಾರ್ಡ್ಸ್ ಎಂಬ ನಾಲ್ವರ ಗಾಯನ ತಂಡದ ಫೋಟೋವನ್ನೂ ಹಾಡನ್ನೂ ಲಗತ್ತಿಸಿ ಕಳಿಸಿದರು. ಆ ವರ್ಷದ ಜೂನ್‌ನಲ್ಲಿ ಆರ್‌ಎಫ್‌ಸಿ 1341 ಪ್ರಕಟವಾಯಿತು. ಅವರ ಜಾಣತನವೆಂದರೆ ದಾರಿಯ ನಡುವಿನ ಯಾವ ಸರ್ವರನ್ನೂ ಬದಲಿಸದೆ ಕೆಲಸ ಸಾಧಿಸಿದ್ದು. ಹಳೆಯ ಸರ್ವರ್‌ಗಳ ಪಾಲಿಗೆ ಅದು ಎಂದಿನಂತೆ ಬರಿಯ ಪಠ್ಯ. ಓದುವ ತಂತ್ರಾಂಶಕ್ಕೆ ಮಾತ್ರ ಅದೊಂದು ಮರದ ರಚನೆ, ಕೊಂಬೆ ಕೊಂಬೆಗೂ ತನ್ನದೇ ಹೆಡರ್. ಕೊಂಬೆಗಳ ನಡುವೆ ಬೌಂಡರಿ ಎಂಬ ಗೆರೆ. ಆ ಗೆರೆಯ ಸ್ಟ್ರಿಂಗ್ ಒಳಗಿನ ವಿಷಯದಲ್ಲಿ ಅಕಸ್ಮಾತ್ ಬಂದುಬಿಟ್ಟರೆ ಪತ್ರ ಅಲ್ಲಿಗೇ ತುಂಡಾಗುತ್ತದೆ. ಅದಕ್ಕೇ ಪೈಥಾನ್ ಹದಿನೈದು ಸಮ ಚಿಹ್ನೆ, ನಡುವೆ ಯಾದೃಚ್ಛಿಕ ಸಂಖ್ಯೆ, ಕೊನೆಗೆ ಮತ್ತೆರಡು ಸಮ ಚಿಹ್ನೆ ಇಟ್ಟು ಬೌಂಡರಿ ಕಟ್ಟುತ್ತದೆ. ಬೇಸ್64ರಲ್ಲಿ ಸಮ ಚಿಹ್ನೆ ತುದಿಯಲ್ಲಿ ಬಿಟ್ಟು ಬೇರೆಲ್ಲೂ ಬರಲಾರದು, ಅದೂ ಎರಡಕ್ಕಿಂತ ಹೆಚ್ಚು ಬರಲಾರದು.

ಈಗ ಕನ್ನಡಕ್ಕೆ ಬರೋಣ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು, ಬೇಸ್64 ಮೂರು ಬೈಟಿಗೆ ನಾಲ್ಕು ಚಿಹ್ನೆ ಕೊಡುತ್ತದೆ. ಲೆಕ್ಕ ಇಷ್ಟು ಚೊಕ್ಕವಾಗಿ ಕೂಡುವುದರಿಂದ ‘ಕ’ ಎಂಬುದು ಪತ್ರದೊಳಗೆ 4, ಎಲ್, ಕೆ, ವಿ ಎಂಬ ನಾಲ್ಕು ಚಿಹ್ನೆಯಾಗುತ್ತದೆ. ಒಂದು ಸ್ಪೇಸ್ ಬಂದು ಹೆಜ್ಜೆ ತಪ್ಪುವವರೆಗೂ ಪ್ರತಿ ಕನ್ನಡ ಸಂಕೇತದ ಮೊದಲೆರಡು ಚಿಹ್ನೆ 4 ಮತ್ತು ಎಲ್, ಮೂರನೆಯದು ಕೆ ಅಥವಾ ಓ. ಇಮೇಲ್‌ನ ಕಚ್ಚಾ ರೂಪ ತೆರೆದು ಈ ಲಯ ಕಂಡರೆ, ಬಿಡಿಸುವ ಮೊದಲೇ ಇದು ಕನ್ನಡವೆಂದು ಹೇಳಬಹುದು. ವಿಷಯದ ಸಾಲಿಗೆ ಆರ್‌ಎಫ್‌ಸಿ 2047ರ ನಿಯಮ: ಒಂದೊಂದು ತುಣುಕೂ 75 ಚಿಹ್ನೆ ಮೀರಬಾರದು, ಒಂದು ಅಕ್ಷರದ ಬೈಟುಗಳು ಎರಡು ತುಣುಕಿಗೆ ಹಂಚಿಹೋಗಬಾರದು. ಆಚೀಚಿನ ಅಲಂಕಾರ ಕಳೆದರೆ ಒಂದು ತುಣುಕಿಗೆ ಕನ್ನಡದ 15 ಸಂಕೇತ ದಕ್ಕುತ್ತದೆ. ಕಡತದ ಹೆಸರಿಗೆ ಮಾತ್ರ ಈ ವಿಧಾನ ನಿಷಿದ್ಧ. ಅದಕ್ಕೆ 1997ರ ಆರ್‌ಎಫ್‌ಸಿ 2231 ಬೇರೆಯದೇ ದಾರಿ ಹಾಕಿದೆ: ಪ್ರತಿ ಬೈಟಿಗೆ ಒಂದು ಶೇಕಡಾ ಚಿಹ್ನೆ, ಎರಡು ಹೆಕ್ಸ್ ಅಂಕಿ. ‘ಕರೆಯೋಲೆ’ ಓದುವವರಿಗೆ ನಾಲ್ಕು ಅಕ್ಷರ. ಯೂನಿಕೋಡ್‌ಗೆ ಏಳು ಸಂಕೇತ, ಯುಟಿಎಫ್-8ಕ್ಕೆ 21 ಬೈಟು, ಈ ನಿಯಮದಲ್ಲಿ 63 ಚಿಹ್ನೆ. ಮುಂದಿನ ಗುರುತು, ಹಿಂದಿನ ‘.ಪಿಡಿಎಫ್’ ಸೇರಿದರೆ 78 ಚಿಹ್ನೆಯ ಶಿಫಾರಸು ಸಾಲು ಮೀರಿತು; ಹೆಸರನ್ನು ಸೊನ್ನೆ, ಒಂದು ಎಂದು ಸಂಖ್ಯೆ ಹಾಕಿ ತುಂಡು ಮಾಡಬೇಕು. ಸಂಜೆಯೊಳಗೆ ವರದಿ ಕಳಿಸಬೇಕಾದವರು ಇದನ್ನೆಲ್ಲ ಕೈಯಾರೆ ಮಾಡಲಿ ಎಂದು ಬಯಸುವುದು ಕ್ರೌರ್ಯ.

ಸಿದ್ಧ ಕೋಡ್ ಇಲ್ಲೇ ಮುಗ್ಗರಿಸುತ್ತದೆ. ಹೆಸರನ್ನು ಸ್ಟ್ರಿಂಗ್‌ಗೆ ಅಂಟಿಸಿ ಕೊಟ್ಟಿದ್ದರಿಂದ ‘ಅಟ್ಯಾಚ್‌ಮೆಂಟ್’ ಎಲ್ಲಿ ಮುಗಿಯಿತು, ಕಡತದ ಹೆಸರು ಎಲ್ಲಿ ಶುರುವಾಯಿತು ಎಂಬುದು ಲೈಬ್ರರಿಗೆ ತಿಳಿಯದು. ಅದಕ್ಕೆ ಕಾಣುವುದು ಆಸ್ಕಿ ಅಲ್ಲದ ಅಕ್ಷರವಿರುವ ಒಂದು ಹೆಡರ್ ಅಷ್ಟೇ. ಹಾಗಾಗಿ ಇಡೀ ಸಾಲನ್ನೇ, ‘ಅಟ್ಯಾಚ್‌ಮೆಂಟ್’ ಎಂಬ ಪದವನ್ನೂ ಸೇರಿಸಿ, ವಿಷಯದ ಸಾಲಿಗೆ ಮಾಡಿದಂತೆ ಬೇಸ್64ಕ್ಕೆ ತಿರುಗಿಸಿಬಿಡುತ್ತದೆ. ಇನ್ನೊಂದು ತುದಿಯಲ್ಲಿ ಉದಾರಿ ತಂತ್ರಾಂಶವಿದ್ದರೆ ಊಹಿಸಿ ಬಿಡಿಸಿಕೊಳ್ಳುತ್ತದೆ. ನಿಯಮನಿಷ್ಠ ತಂತ್ರಾಂಶಕ್ಕೆ ಹೆಸರೇ ಸಿಗುವುದಿಲ್ಲ. ಮದುವೆಯ ಕರೆಯೋಲೆ ‘ನೋನೇಮ್’ ಎಂದೋ ‘ಎಟಿಟಿ00001’ ಎಂದೋ ನಾಮಕರಣಗೊಂಡು ಬರುತ್ತದೆ. ಒಂದೆಡೆ ಸರಿಯಾಗಿ ಕಂಡದ್ದು ಇನ್ನೊಂದೆಡೆ ಕಾಣದಿರುವುದರಿಂದ ದೂಷಣೆ ಓದುವವರ ಫೋನಿನ ಮೇಲೆ ಹೋಗುತ್ತದೆ.

ಪೈಥಾನ್‌ಗೆ ಬೇರೆ ದಾರಿ ಬಂದು ವರ್ಷಗಳಾದವು. ಬ್ಯಾರಿ ವಾರ್ಸಾ ಬರೆದ ಇಮೇಲ್ ಪ್ಯಾಕೇಜ್ 2001ರ ಪೈಥಾನ್ 2.2ರಿಂದ ಇದೆ. ಆರ್. ಡೇವಿಡ್ ಮರ್ರಿ ಅದನ್ನು ಮರುಕಟ್ಟಿದರು. ಇಮೇಲ್‌ಮೆಸೇಜ್ ಎಂಬ ಹೊಸ ಕ್ಲಾಸ್ 2014ರ ಪೈಥಾನ್ 3.4ರಲ್ಲಿ ಪ್ರಯೋಗವಾಗಿ ಬಂದು, 2016ರ 3.6ರಲ್ಲಿ ಕಾಯಂ ಆಯಿತು. ಇಲ್ಲಿ ನೀವು ಮರ ಕಟ್ಟುವುದಿಲ್ಲ, ಉದ್ದೇಶ ಹೇಳುತ್ತೀರಿ. ಸೆಟ್-ಕಂಟೆಂಟ್ ಅಂದರೆ ಇದು ಪತ್ರದ ಒಡಲು. ಆ್ಯಡ್-ಆಲ್ಟರ್ನೇಟಿವ್ ಅಂದರೆ ಅದೇ ಒಡಲಿನ ಎಚ್‌ಟಿಎಂಎಲ್ ರೂಪ. ಆ್ಯಡ್-ಅಟ್ಯಾಚ್‌ಮೆಂಟ್ ಅಂದರೆ ಜೊತೆಗೊಂದು ಕಡತ. ಯಾವ ಕೊಂಬೆ ಯಾವುದರ ಮೇಲೆ ಎಂಬುದು ಅದರ ಪಾಡು. ಇದು ಸಣ್ಣ ಉಪಕಾರವಲ್ಲ: ಕೈಯಿಂದ ಕಟ್ಟುವವರು ಮಿಕ್ಸ್‌ಡ್ ಇರಬೇಕಾದಲ್ಲಿ ಆಲ್ಟರ್ನೇಟಿವ್ ಎಂದು ಬರೆದರೆ, ಓದುವ ತಂತ್ರಾಂಶ ಕಡತವನ್ನು ಪತ್ರದ ಮತ್ತೊಂದು ರೂಪವೆಂದು ತಿಳಿದು ಎರಡರಲ್ಲಿ ಒಂದನ್ನು ನುಂಗಿಬಿಡಬಹುದು. ಬೈಟುಗಳನ್ನು ಕೊಟ್ಟು ಅದು ಯಾವ ಬಗೆಯ ಕಡತವೆಂದು ಹೇಳದಿದ್ದರೆ ಹೊಸ ಕ್ಲಾಸ್ ಮುಂದೆ ಹೋಗುವುದೇ ಇಲ್ಲ. ಅದು ಸರ್ವಗುಣಸಂಪನ್ನ ಎಂದೇನೂ ಅಲ್ಲ. ಎಚ್‌ಟಿಎಂಎಲ್ ಒಳಗೊಂದು ಚಿತ್ರ ಇಡಬೇಕಾದರೆ ಗೆಟ್-ಪೇಲೋಡ್ ಕರೆದು, ಪಟ್ಟಿಯ ಒಂದನೇ ಸಂಖ್ಯೆಯ ಅಂಶಕ್ಕೆ ಆ್ಯಡ್-ರಿಲೇಟೆಡ್ ಮಾಡಿ ಎಂದು ಅಧಿಕೃತ ಉದಾಹರಣೆಯೇ ತೋರಿಸುತ್ತದೆ. ಬಾಗಿಲಿಟ್ಟು ಕಟ್ಟಿದವರೇ ಕಿಟಕಿಯಿಂದ ನುಗ್ಗಿ ಎಂದಂತೆ.

‘ನಡೆಯುತ್ತಿರುವ ಕೋಡನ್ನು ಯಾಕೆ ಮುಟ್ಟಬೇಕು?’ ಎಂಬುದು ಮೊದಲ ಆಕ್ಷೇಪ, ಅನುಭವಿಗಳದ್ದು. ಅದಕ್ಕೆ ಉತ್ತರ ಕಡತದ ಹೆಸರಿಗಿಂತ ದೊಡ್ಡದು. ಹಳೆಯ ಕ್ಲಾಸ್‌ನಲ್ಲಿ ‘ಟು’ ಹೆಡರ್‌ಗೆ ಎರಡನೇ ಸಲ ಮೌಲ್ಯ ಕೊಟ್ಟರೆ ಮೊದಲಿನದು ಅಳಿಯುವುದಿಲ್ಲ, ಪಕ್ಕಕ್ಕೆ ಇನ್ನೊಂದು ಸೇರುತ್ತದೆ. ಡಿಕ್ಷನರಿಯಂತೆ ಕಾಣುವ ಬರವಣಿಗೆ, ಡಿಕ್ಷನರಿಯಂತಲ್ಲದ ವರ್ತನೆ. ಒಂದೇ ಸಂದೇಶವನ್ನು ಲೂಪ್‌ನಲ್ಲಿಟ್ಟು ಐವತ್ತು ಜನರಿಗೆ ಬಿಡಿಬಿಡಿಯಾಗಿ ಕಳಿಸಿದರೆ ಐವತ್ತನೆಯವರ ಕೈಗೆ ಹಿಂದಿನ ನಲವತ್ತೊಂಬತ್ತು ವಿಳಾಸವೂ ಹೋಗುತ್ತದೆ. ಹೊಸ ಕ್ಲಾಸ್ ಎರಡನೇ ‘ಟು’ ಕಂಡೊಡನೆ ವ್ಯಾಲ್ಯೂಎರರ್ ಎತ್ತುತ್ತದೆ. ವಿಷಯದ ಸಾಲಿನಲ್ಲಿ ಹೊಸಸಾಲಿನ ಚಿಹ್ನೆ ತೂರಿಸಿ ಕಳ್ಳ ಹೆಡರ್ ಸೇರಿಸುವ ತಂತ್ರಕ್ಕೂ ಅದೇ ಉತ್ತರ. ಕಳಿಸುವಾಗಲೂ ಎಸ್‌ಎಂಟಿಪಿಲಿಬ್‌ನ ಸೆಂಡ್-ಮೆಸೇಜ್ ಗುಪ್ತಪ್ರತಿಯ, ಅಂದರೆ ಬಿಸಿಸಿಯ ಹೆಡರನ್ನು ತೆಗೆದು ಕಳಿಸುತ್ತದೆ. ಸಂದೇಶವನ್ನು ಸ್ಟ್ರಿಂಗ್ ಮಾಡಿ ಸೆಂಡ್‌ಮೇಲ್‌ಗೆ ಒಪ್ಪಿಸುವ ಹಳೆಯ ರೂಢಿಯಲ್ಲಿ ಅದು ಗುಪ್ತವಾಗಿ ಉಳಿಯುವುದಿಲ್ಲ. ನಡೆಯುತ್ತಿದೆ ಎನ್ನುವ ಕೋಡ್ ಇವುಗಳಲ್ಲಿ ಎಷ್ಟನ್ನು ಸದ್ದಿಲ್ಲದೆ ನಡೆಸುತ್ತಿದೆ ಎಂದು ಹೇಳುವವರಾರು?

ಎರಡನೆಯ ಆಕ್ಷೇಪ ಸುಲಭದ್ದು, ಅದಕ್ಕೇ ಹೆಚ್ಚು ಜನಪ್ರಿಯ: ಕಡತಕ್ಕೆ ಇಂಗ್ಲಿಷ್‌ನಲ್ಲೇ ಹೆಸರಿಡಿ, ತಾಪತ್ರಯವೇ ಇಲ್ಲ. ಎಂಟು ಅಕ್ಷರದ ಹೆಸರುಗಳ ಕಾಲಕ್ಕೆ ಈ ಸಲಹೆ ಸರಿಯಿತ್ತು. ಕನ್ನಡಕ್ಕೆ ಫಾಂಟ್-ಸಂಕೇತಗಳೇ ಗತಿಯಾಗಿದ್ದಾಗಲೂ ಸರಿಯಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಪತ್ರವೇ ರೋಮನ್ ಚೂರುಪಾರುಗಳಾಗಿ ತೆರೆದುಕೊಳ್ಳುತ್ತಿತ್ತು, ಹೆಸರಿನ ಮಾತು ಆಮೇಲೆ. ಆದರೆ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿದೆ, ಹೆಸರು ಸಾಗಿಸುವ ನಿಯಮಕ್ಕೂ ಕಾಲು ಶತಮಾನ ದಾಟಿದೆ. ಸುತ್ತೋಲೆ, ನಡಾವಳಿ, ಪಹಣಿ ಎಂದು ಹೆಸರಿಟ್ಟ ಕಡತವನ್ನು ಆ ಹೆಸರಿನಿಂದಲೇ ಹುಡುಕುವವರಿದ್ದಾರೆ. ಕಳಿಸುವವರ ಸೋಮಾರಿತನಕ್ಕಾಗಿ ಅವರೆಲ್ಲ ಸ್ಕ್ಯಾನ್‌0042 ಎಂಬುದನ್ನು ನೆನಪಿಡಬೇಕೆ? ಇಷ್ಟಕ್ಕೂ ಇಂಗ್ಲಿಷ್ ಹೆಸರೂ ಪೂರ್ತಿ ಸುರಕ್ಷಿತವಲ್ಲ. ‘ಏಪ್ರಿಲ್ ರಿಪೋರ್ಟ್’ ಎಂದು ನಡುವೆ ಜಾಗ ಬಿಟ್ಟರೆ, ಉದ್ಧರಣ ಚಿಹ್ನೆ ಹಾಕದ ಅದೇ ಸಿದ್ಧ ಕೋಡ್ ಕೆಲವು ತಂತ್ರಾಂಶಗಳಲ್ಲಿ ‘ಏಪ್ರಿಲ್’ನಷ್ಟನ್ನೇ ತಲುಪಿಸುತ್ತದೆ.

ಇನ್ನು, ಈ ಮೈಮ್ ಪುರಾಣವೇ ಬೇಡ, ಕಳಿಸಿಕೊಡುವ ಸೇವೆಗಳಿವೆ, ಡ್ರೈವ್‌ನ ಕೊಂಡಿಗಳಿವೆ ಎನ್ನುವವರು. ದೊಡ್ಡ ಕಡತಕ್ಕೆ ಕೊಂಡಿಯೇ ಸರಿ, ತಕರಾರಿಲ್ಲ. ಬೇಸ್64 ಪ್ರತಿ 57 ಬೈಟನ್ನು ಸಾಲಿನ ಕೊನೆಯ ಎರಡು ಚಿಹ್ನೆ ಸೇರಿ 78 ಮಾಡುವುದರಿಂದ 25 ಎಂಬಿ ಮಿತಿಯ ಸರ್ವರ್‌ಗೆ 18 ಎಂಬಿ ಕಡತವೇ ಹೆಚ್ಚುಕಡಿಮೆ ಕೊನೆ. ಆದರೆ ಕೊಂಡಿಗೆ ಅನುಮತಿ ಬೇಕು, ಅದು ಒಂದು ದಿನ ಸಾಯುತ್ತದೆ. ರಸೀದಿ, ಆದೇಶಪತ್ರಗಳು ಪತ್ರದೊಳಗೇ ಇದ್ದರೆ ಪತ್ರ ಇರುವವರೆಗೂ ಇರುತ್ತವೆ. ಸೇವೆಗಳೂ ನಿಮ್ಮನ್ನು ಪೂರ್ತಿ ಪಾರು ಮಾಡುವುದಿಲ್ಲ. ಜಿಮೇಲ್‌ನ ಎಪಿಐ ಮೂಲಕ ಕಳಿಸುವಾಗಲೂ ‘ರಾ’ ಎಂಬ ಜಾಗಕ್ಕೆ ಇಡೀ ಸಂದೇಶವನ್ನು ನೀವೇ ಕಟ್ಟಿ, ಬೇಸ್64ರ ಒಂದು ರೂಪಕ್ಕೆ ತಿರುಗಿಸಿ ಕೊಡಬೇಕು. ಅಲ್ಲಿಗೆ ಕಡತ ಎರಡು ಸಲ ಬೇಸ್64 ಆಗಿ ಮೂಲದ ಸುಮಾರು 1.8 ಪಟ್ಟು ಊದಿಕೊಂಡಿರುತ್ತದೆ. ಕಟ್ಟುವ ಕೆಲಸ ತಪ್ಪಲಿಲ್ಲ.

ಉದ್ದೇಶ ಕೇಳುವ ಲೈಬ್ರರಿಯೂ ದಾಟಲಾಗದ ಒಂದು ಜಾಗ ಉಳಿದಿದೆ, ಅದು ವಿಳಾಸ. ಕಡತದ ಹೆಸರು, ವಿಷಯದ ಸಾಲು, ಒಡಲು ಎಲ್ಲವನ್ನೂ ಆಸ್ಕಿ ವೇಷ ಹಾಕಿಸಿ ಸಾಗಿಸಬಹುದು. @ ಚಿಹ್ನೆಯ ಬಲಗಡೆಯ ಡೊಮೇನ್‌ಗೂ ಪ್ಯೂನಿಕೋಡ್ ಎಂಬ ವೇಷ ಇದೆ, ಹಾಗಾಗಿಯೇ ಕನ್ನಡ ಲಿಪಿಯ ‘.ಭಾರತ’ ಇರಲು ಸಾಧ್ಯವಾಗಿದೆ. ಎಡಗಡೆಯ ಹೆಸರಿಗೆ ಅಂಥ ವೇಷವಿಲ್ಲ. ಅದಕ್ಕೆ 2012ರ ಆರ್‌ಎಫ್‌ಸಿ 6531 ಹೇಳುವ ಎಸ್‌ಎಂಟಿಪಿಯುಟಿಎಫ್8 ಸೌಲಭ್ಯ ದಾರಿಯ ಸರ್ವರ್‌ಗಳಲ್ಲೇ ಇರಬೇಕು. ಬೋರೆನ್‌ಸ್ಟೈನ್ ಮತ್ತು ಫ್ರೀಡ್ ತಪ್ಪಿಸಿಕೊಂಡಿದ್ದ ಹೊರೆ ಇಲ್ಲಿ ಮತ್ತೆ ಎದುರಾಗುತ್ತದೆ. ಪೈಥಾನ್ 3.5ರಿಂದ ಎಸ್‌ಎಂಟಿಪಿಲಿಬ್‌ಗೆ ಇದು ಗೊತ್ತು. ಎದುರಿನ ಸರ್ವರ್ ಈ ಸೌಲಭ್ಯ ಇದೆಯೆಂದು ಸಾರದಿದ್ದರೆ ಅದು ವಿಳಾಸವನ್ನು ತಿದ್ದಲು ಹೋಗದೆ, ನಾಟ್-ಸಪೋರ್ಟೆಡ್ ಎಂಬ ದೋಷ ಎತ್ತಿ ನಿಲ್ಲುತ್ತದೆ. ಆ ದೋಷವನ್ನು ಹಿಡಿದು, ಅದೇ ವ್ಯಕ್ತಿಯ ರೋಮನ್ ವಿಳಾಸಕ್ಕೆ ಮತ್ತೊಮ್ಮೆ ಕಳಿಸುವ ನಾಲ್ಕು ಸಾಲನ್ನು ಸದ್ಯಕ್ಕೆ ನಾವೇ ಬರೆದುಕೊಳ್ಳಬೇಕು.